ಸೆಕೆಂಡ್ ಹ್ಯಾಂಡ್ ಕಾರಿನ ರಿಮೋಟ್ ಕೀ ಕೈಕೊಟ್ಟರೆ: ಸೆಲ್‌ನಿಂದ ಡೋರ್ ವೈರಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ರಿಮೋಟ್ ಒತ್ತಿದರೂ ಕಾರು ಸುಮ್ಮನಿದೆ ಎಂದಾಗ ಹೆಚ್ಚಿನವರು ಮೊದಲು ಕೇಳುವುದು ‘ಹೊಸ ಕೀಗೆ ಎಷ್ಟಾಗುತ್ತೆ?’ ಎಂದು. ಅದು ಎಲ್ಲ ಪರೀಕ್ಷೆ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ. ತೊಂದರೆ ಕೀಯಲ್ಲೇ ಇದೆ ಎಂದು ಖಾತ್ರಿಯಾಗುವ ಮೊದಲು ಹೊಸ ಕೀ ಮಾಡಿಸಿದರೆ ಸಾವಿರಾರು ರೂಪಾಯಿ ಖರ್ಚಾಗಿ, ಕೊನೆಗೆ ಸಿಗುವುದು ಬಾಗಿಲ ಸಂದಿಯಲ್ಲಿ ತುಂಡಾದ ಒಂದು ವೈರ್ ಆಗಿರಬಹುದು. ಹಳೆಯ ಕಾರಿನಲ್ಲಿ ಇನ್ನೊಂದು ತೊಡಕಿದೆ: ಹಿಂದಿನ ಮಾಲೀಕರು ಏನೇನು ಬದಲಾಯಿಸಿದ್ದಾರೆ ಎಂಬುದು ನಮಗೆ ಗೊತ್ತಿರುವುದಿಲ್ಲ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ, ಒಂದೊಂದೇ ಭಾಗವನ್ನು ‘ಇದು ಸರಿಯಿದೆ’ ಎಂದು ಪಕ್ಕಕ್ಕಿಡುತ್ತಾ ಹೋಗಬೇಕು.

ಒಂದು ಕೀಯೊಳಗೆ ಮೂರು ಬೇರೆ ಬೇರೆ ಕೆಲಸಗಳು

ಸಾಮಾನ್ಯ ರಿಮೋಟ್ ಕೀಯಲ್ಲಿ ಮೂರು ಭಾಗಗಳಿವೆ. ಒಂದು, ಬಾಗಿಲು ಮತ್ತು ಇಗ್ನಿಷನ್‌ಗೆ ಹೊಂದುವ ಲೋಹದ ಕೀ. ಎರಡು, ಇಮ್ಮೊಬಿಲೈಸರ್ ಚಿಪ್, ಅಂದರೆ ಕಾರು ಇದನ್ನು ಗುರುತಿಸಿದರೆ ಮಾತ್ರ ಎಂಜಿನ್ ಸ್ಟಾರ್ಟ್ ಆಗಲು ಬಿಡುವ ಚಿಪ್. ಇದಕ್ಕೆ ಸೆಲ್ ಬೇಕಿಲ್ಲ. ಇಗ್ನಿಷನ್ ಸುತ್ತಲಿನ ಕಾಯಿಲ್‌ನಿಂದ ಸುಮಾರು 125 ಕಿಲೋಹರ್ಟ್ಸ್ ತರಂಗದ ಮೂಲಕ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ. ಮೂರು, ಬಟನ್ ಒತ್ತಿದಾಗ ಸಂಕೇತ ಕಳಿಸುವ ರಿಮೋಟ್ ಬೋರ್ಡ್. ಭಾರತದ ಕಾರುಗಳಲ್ಲಿ ಇದು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ.

ಈ ಮೂರೂ ಒಂದನ್ನೊಂದು ಅವಲಂಬಿಸಿಲ್ಲ. ಸೆಲ್ ಪೂರ್ತಿ ಸತ್ತರೂ ಕೀ ತಿರುಗಿಸಿ ಕಾರು ಸ್ಟಾರ್ಟ್ ಮಾಡಬಹುದು. ಲಾಕ್, ಅನ್‌ಲಾಕ್ ಚೆನ್ನಾಗಿಯೇ ಆಗುತ್ತಿದ್ದರೂ ಚಿಪ್ ಕಳೆದುಹೋಗಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಿರುತ್ತದೆ. ‘ಕೀ ಕೆಲಸ ಮಾಡುತ್ತಿಲ್ಲ’ ಎಂದರೆ ಈ ಮೂರರಲ್ಲಿ ಯಾವುದು ಎಂದು ಮೊದಲು ನಿಮಗೆ ನೀವೇ ಕೇಳಿಕೊಳ್ಳಿ.

ಸ್ಮಾರ್ಟ್ ಕೀ, ಅಂದರೆ ಜೇಬಿನಲ್ಲಿಟ್ಟುಕೊಂಡೇ ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕೀ, ಸ್ವಲ್ಪ ಬೇರೆ. ಅದಕ್ಕೆ ಮುಂದೆ ಪ್ರತ್ಯೇಕ ಭಾಗವಿದೆ. ಆದರೆ ಮೊದಲ ಪರೀಕ್ಷೆಗಳು ಎರಡಕ್ಕೂ ಒಂದೇ.

ಕೀ ಬಿಚ್ಚುವ ಮೊದಲು ಐದು ನಿಮಿಷದ ಪರೀಕ್ಷೆ

1. ಇನ್ನೊಂದು ಕೀ ಇದ್ದರೆ ಅದನ್ನು ಒತ್ತಿ ನೋಡಿ. ಅದು ಕೆಲಸ ಮಾಡಿದರೆ ಕಾರಿನ ಕಡೆ ಎಲ್ಲ ಸರಿಯಿದೆ, ತೊಂದರೆ ಮೊದಲ ಕೀಯಲ್ಲಿದೆ. ಎರಡೂ ಒಟ್ಟಿಗೇ ಸತ್ತಿದ್ದರೆ ತೊಂದರೆ ಬಹುತೇಕ ಕಾರಿನಲ್ಲಿದೆ. ಇದಕ್ಕೊಂದು ಅಪವಾದವಿದೆ: ಮೊದಲ ಕೀಯ ಬಟನ್ ಒಳಗೆ ಸಿಕ್ಕಿಕೊಂಡು ಸದಾ ಸಂಕೇತ ಕಳಿಸುತ್ತಿದ್ದರೆ ಎರಡನೆಯ ಕೀಯ ಸಂಕೇತವೂ ಕಾರಿಗೆ ಕೇಳಿಸುವುದಿಲ್ಲ. ಹಾಗಾಗಿ ಮೊದಲ ಕೀಯ ಸೆಲ್ ತೆಗೆದಿಟ್ಟು ಮತ್ತೊಮ್ಮೆ ಪರೀಕ್ಷಿಸಿ.

2. ಚಾಲಕನ ಬಾಗಿಲಿನ ಒಳಗಿರುವ ಲಾಕ್ ಬಟನ್ ಒತ್ತಿ. ನಾಲ್ಕೂ ಬಾಗಿಲು ಲಾಕ್ ಆದರೆ ಸೆಂಟ್ರಲ್ ಲಾಕ್, ಅದರ ಫ್ಯೂಸ್, ಮೋಟಾರ್‌ಗಳು ಸರಿಯಿವೆ. ಇಲ್ಲೇ ಆಗದಿದ್ದರೆ ರಿಮೋಟ್ ಬಗ್ಗೆ ಯೋಚಿಸುವುದನ್ನು ಬಿಟ್ಟು ನೇರವಾಗಿ ಬಾಗಿಲಿನ ಭಾಗಕ್ಕೆ ಹೋಗಿ.

3. ಒಂದು ಬಾಗಿಲು ಸ್ವಲ್ಪ ತೆರೆದಿದ್ದರೂ, ಕೀ ಇಗ್ನಿಷನ್‌ನಲ್ಲೇ ಇದ್ದರೂ ಹಲವು ಕಾರುಗಳು ರಿಮೋಟ್‌ನ ಲಾಕ್ ಆಜ್ಞೆಯನ್ನು ಕೇಳುವುದಿಲ್ಲ. ಎಲ್ಲ ಬಾಗಿಲು ಮುಚ್ಚಿದ ಮೇಲೂ ಒಳಗಿನ ದೀಪ ಆರದಿದ್ದರೆ, ಅಥವಾ ಬಾಗಿಲು ತೆರೆದಿದೆ ಎಂಬ ಚಿಹ್ನೆ ಉಳಿದಿದ್ದರೆ ಬಾಗಿಲಿನ ಸ್ವಿಚ್ ಹಾಳಾಗಿದೆ. ಅನ್‌ಲಾಕ್ ಆಗುತ್ತದೆ, ಲಾಕ್ ಮಾತ್ರ ಆಗುವುದಿಲ್ಲ ಎನ್ನುವ ದೂರಿಗೆ ಇದು ಮಾಮೂಲಿ ಕಾರಣ. ಡಿಕ್ಕಿಯ ಸ್ವಿಚ್ಚನ್ನೂ ಮರೆಯದೆ ನೋಡಿ.

4. ಕಾರಿನ ಬ್ಯಾಟರಿ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಚಾರ್ಜ್ ಮಾಡಿಸಿ. ಮಿಕ್ಕ ಪರೀಕ್ಷೆಗಳ ಫಲಿತಾಂಶವನ್ನು ಅಲ್ಲಿಯವರೆಗೆ ನಂಬಬೇಡಿ.

5. ಕಾರನ್ನು ನೂರಿನ್ನೂರು ಮೀಟರ್ ದೂರ ಒಯ್ದು ಒತ್ತಿ ನೋಡಿ. ವೈರ್‌ಲೆಸ್ ಕಾಲಿಂಗ್ ಬೆಲ್, ಗೇಟ್ ರಿಮೋಟ್, ಅಗ್ಗದ ಎಲ್‌ಇಡಿ ದೀಪದ ಡ್ರೈವರ್‌ಗಳು ಇದೇ ತರಂಗದಲ್ಲಿ ಗದ್ದಲ ಎಬ್ಬಿಸುತ್ತವೆ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್‌ನಲ್ಲಿ ಮಾತ್ರ ಕೈಕೊಡುವ, ರಸ್ತೆಯಲ್ಲಿ ಸರಿಯಾಗಿರುವ ಕೀಗೆ ರಿಪೇರಿ ಬೇಕಿಲ್ಲ. ಡ್ಯಾಶ್ ಕ್ಯಾಮೆರಾ ಮತ್ತು ಹನ್ನೆರಡು ವೋಲ್ಟ್ ಸಾಕೆಟ್‌ನ ಮೊಬೈಲ್ ಚಾರ್ಜರ್ ಕಿತ್ತು ಕೂಡ ಒಮ್ಮೆ ನೋಡಿ. ಇವು ಕಾರಿನಲ್ಲಿ ರಿಮೋಟ್ ಸಂಕೇತ ಹಿಡಿಯುವ ರಿಸೀವರ್ ಪಕ್ಕದಲ್ಲೇ ಇದ್ದರೆ ರಿಮೋಟ್ ಹಿಡಿಯುವ ದೂರ ಅರ್ಧಕ್ಕಿಳಿಯುವುದುಂಟು.

ಇದರ ಜೊತೆಗೆ, ಲೋಹದ ಕೀಯಿಂದ ಚಾಲಕನ ಬಾಗಿಲು ತೆರೆಯುತ್ತದೆಯೇ ಎಂದು ಇವತ್ತೇ ನೋಡಿಡಿ. ವರ್ಷಗಟ್ಟಲೆ ರಿಮೋಟ್ ಮಾತ್ರ ಬಳಸಿದ ಕಾರಿನಲ್ಲಿ ಬೀಗದ ಒಳಭಾಗ ದೂಳು ಹಿಡಿದು ಗಟ್ಟಿಯಾಗಿರುತ್ತದೆ. ಸ್ವಲ್ಪ ಗ್ರಾಫೈಟ್ ಪುಡಿ ಹಾಕಿ ನಿಧಾನವಾಗಿ ಹತ್ತಾರು ಸಲ ತಿರುಗಿಸಿ. ಎಣ್ಣೆ ಹಾಕಬೇಡಿ, ಅದಕ್ಕೆ ಇನ್ನಷ್ಟು ದೂಳು ಅಂಟುತ್ತದೆ. ಬಲವಂತ ಮಾಡಿದರೆ ಕೀ ಬೀಗದೊಳಗೇ ಮುರಿಯುತ್ತದೆ.

ಇದು ಕಂಪನಿಯ ರಿಮೋಟೋ, ಹೊರಗೆ ಹಾಕಿಸಿದ್ದೋ?

ಹಳೆಯ ಕಾರಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದೆ ಹೋಗಬೇಡಿ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊದಂಥ ಕಾರುಗಳ ಕಡಿಮೆ ಬೆಲೆಯ ಮಾದರಿಗಳಿಗೆ ರಿಮೋಟ್ ಇಲ್ಲದಿದ್ದಾಗ ಮಾಲೀಕರು ಅಂಗಡಿಯಲ್ಲಿ ಸೆಂಟ್ರಲ್ ಲಾಕ್ ಕಿಟ್ ಹಾಕಿಸಿರುತ್ತಾರೆ. ಆಗ ಕಂಪನಿಯ ಸ್ಕ್ಯಾನರ್ ಹಿಡಿದ ಸರ್ವಿಸ್ ಸೆಂಟರ್‌ಗೂ ಏನೂ ಕಾಣುವುದಿಲ್ಲ, ಏಕೆಂದರೆ ಕಾರಿನ ಕಂಪ್ಯೂಟರ್‌ಗೆ ಆ ರಿಮೋಟ್ ಇರುವುದೇ ಗೊತ್ತಿಲ್ಲ.

ಗುರುತುಗಳು ಸುಲಭ. ರಿಮೋಟ್ ಕೀಯಿಂದ ಪ್ರತ್ಯೇಕವಾಗಿ ನೇತಾಡುತ್ತಿರುತ್ತದೆ, ಅದರ ಮೇಲೆ ಕಾರಿನ ಕಂಪನಿಯ ಹೆಸರಿರುವುದಿಲ್ಲ. ಬಾನೆಟ್ ಕೆಳಗೆ ಕಪ್ಪು ಸೈರನ್ ಇರುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ ಕೆಂಪು ಅಥವಾ ನೀಲಿ ದೀಪ ರಾತ್ರಿ ಮಿನುಗುತ್ತದೆ. ಸ್ಟೀರಿಂಗ್ ಕೆಳಗಿನ ಕವಚ ತೆಗೆದರೆ ಟೇಪ್ ಸುತ್ತಿದ ವೈರ್‌ಗಳ ಗೊಂಚಲು, ಒಂದು ಚಿಕ್ಕ ಪೆಟ್ಟಿಗೆ, ಅದರಿಂದ ಹೊರಬಂದ ಒಂಟಿ ಆಂಟೆನಾ ವೈರ್ ಸಿಗುತ್ತದೆ.

ಇಂಥ ಕಿಟ್‌ನಲ್ಲಿ ರಿಮೋಟ್ ಹಿಡಿಯುವ ದೂರ ಕಡಿಮೆಯಾಗಿದ್ದರೆ ಮೊದಲು ನೋಡಬೇಕಾದ್ದು ಆ ಆಂಟೆನಾ ವೈರನ್ನೇ. ಅದನ್ನು ಸುರುಳಿ ಸುತ್ತಿ ಲೋಹದ ಚೌಕಟ್ಟಿಗೆ ಕಟ್ಟಿದ್ದರೆ ಬಿಚ್ಚಿ, ನೇರ ಮಾಡಿ, ಲೋಹದಿಂದ ದೂರಕ್ಕೆ, ಸಾಧ್ಯವಾದಷ್ಟು ಮೇಲಕ್ಕೆ ಟೇಪ್ ಹಚ್ಚಿ. ಅದನ್ನು ಉದ್ದ ಮಾಡಬೇಡಿ, ತುಂಡರಿಸಲೂಬೇಡಿ. 433 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಉದ್ದ ಸುಮಾರು 17 ಸೆಂಟಿಮೀಟರ್. ಆಂಟೆನಾಗೆ ಆ ಅಳತೆ ಕೊಟ್ಟಿರುವುದು ಅದಕ್ಕೇ. ಪೆಟ್ಟಿಗೆಯ ಹತ್ತಿರ ಅಥವಾ ಡ್ಯಾಶ್‌ಬೋರ್ಡ್ ಅಡಿಯಲ್ಲಿ ವ್ಯಾಲೆ ಬಟನ್ ಎಂಬ ಚಿಕ್ಕ ಬಟನ್ ಇರುತ್ತದೆ. ಹೊಸ ರಿಮೋಟ್ ಕಲಿಸಲು ಬಳಸುವುದು ಅದನ್ನೇ: ಇಗ್ನಿಷನ್ ಆನ್ ಮಾಡಿ, ಕಿಟ್‌ನ ಕೈಪಿಡಿ ಹೇಳಿದಷ್ಟು ಸಲ ಅದನ್ನು ಒತ್ತಿ, ಸೈರನ್ ಕೂಗಿದ ಮೇಲೆ ರಿಮೋಟ್ ಬಟನ್ ಒತ್ತುವುದು. ಎಷ್ಟು ಸಲ ಎಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ.

ಹತ್ತು ವರ್ಷದ ಕಿಟ್‌ನ ಪೆಟ್ಟಿಗೆ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸ ಕಿಟ್ ಹಾಕಿಸುವುದು ಒಳ್ಳೆಯದು. ಬಾಗಿಲ ಮೋಟಾರ್‌ಗಳು ಸರಿಯಿದ್ದರೆ ಅವುಗಳನ್ನು ಉಳಿಸಿಕೊಂಡು ಪೆಟ್ಟಿಗೆ ಮತ್ತು ರಿಮೋಟ್ ಮಾತ್ರ ಬದಲಿಸಿದರೆ ಸಾಕು.

ಸೆಲ್: ಎಲ್ಲರೂ ಬದಲಿಸುತ್ತಾರೆ, ಸರಿಯಾಗಿ ಬದಲಿಸುವವರು ಕಡಿಮೆ

ಹಳೆಯ ಸೆಲ್‌ನ ಮೇಲೆ ಬರೆದಿರುವ ಸಂಖ್ಯೆಯನ್ನೇ ಕೊಳ್ಳಿ. ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 2025 ಎಂದರೆ ಅದೇ ಅಗಲ, 2.5 ಮಿಲಿಮೀಟರ್ ದಪ್ಪ. 2032 ಇರಬೇಕಾದ ಕಡೆ 2025 ಹಾಕಿದರೂ ದೀಪ ಹೊತ್ತುತ್ತದೆ, ಆದರೆ ಜೇಬಿನಲ್ಲಿ ಅಲುಗಾಡಿದಾಗ ಸಂಪರ್ಕ ತಪ್ಪುತ್ತದೆ. ‘ಒಮ್ಮೊಮ್ಮೆ ಆಗುತ್ತೆ, ಒಮ್ಮೊಮ್ಮೆ ಇಲ್ಲ’ ಎನ್ನುವ ಕೀಗಳಲ್ಲಿ ಮೊದಲು ಸೆಲ್‌ನ ದಪ್ಪ ನೋಡಿ.

ಮಲ್ಟಿಮೀಟರ್‌ನಲ್ಲಿ ಬರೀ ವೋಲ್ಟ್ ನೋಡಿ ಸೆಲ್ ಚೆನ್ನಾಗಿದೆ ಎಂದು ನಿರ್ಧರಿಸಬೇಡಿ. ಸುಸ್ತಾದ ಸೆಲ್ ಕೂಡ ಭಾರವಿಲ್ಲದಾಗ 2.9 ತೋರಿಸುತ್ತದೆ, ಬಟನ್ ಒತ್ತಿ ಹತ್ತು ಮಿಲಿಆಂಪಿಯರ್‌ನಷ್ಟು ಕರೆಂಟ್ ಎಳೆದಾಗ ಕುಸಿಯುತ್ತದೆ. ಸೆಲ್‌ನ ಎರಡೂ ಬದಿಗೆ 470 ಓಮ್‌ನ ರೆಸಿಸ್ಟರ್ ಹಿಡಿದು ಎರಡು ಮೂರು ಸೆಕೆಂಡ್ ಅಳೆಯಿರಿ. ಹೊಸ ಸೆಲ್ 2.9 ವೋಲ್ಟ್ ಸುತ್ತಮುತ್ತ ನಿಲ್ಲುತ್ತದೆ. 2.6ಕ್ಕಿಂತ ಕೆಳಗಿಳಿದರೆ ಬದಲಿಸಿ.

ಬದಲಿಸುವ ಕ್ರಮ ಹೀಗೆ:

1. ಹೊಸ ಸೆಲ್ ಕೈಯಲ್ಲಿಟ್ಟುಕೊಂಡ ಮೇಲೆಯೇ ಕೀ ಬಿಚ್ಚಿ. ಹೆಚ್ಚಿನ ಬೋರ್ಡ್‌ಗಳು ಸೆಲ್ ಇಲ್ಲದಾಗಲೂ ಕೋಡ್ ಮರೆಯುವುದಿಲ್ಲ, ಆದರೂ ತುಂಬಾ ಹೊತ್ತು ಖಾಲಿ ಬಿಡುವುದು ಬೇಡ.

2. ಅಂಚಿನಲ್ಲಿ ಚಿಕ್ಕ ಸೀಳು ಇದ್ದರೆ ಅಲ್ಲಿ ನಾಣ್ಯ ಅಥವಾ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿ. ಮೊದಲು ಸ್ಕ್ರೂ ಇದೆಯೇ ನೋಡಿ. ಸ್ಕ್ರೂ ಬಿಚ್ಚದೆ ಮೀಟಿದರೆ ಕೊಕ್ಕೆಗಳು ಮುರಿಯುತ್ತವೆ.

3. ಬಿಚ್ಚಿದ ಕೂಡಲೇ ಒಂದು ಫೋಟೊ ತೆಗೆಯಿರಿ. ಸೆಲ್‌ನ ಪ್ಲಸ್ ಬದಿ ಯಾವ ಕಡೆಗಿದೆ, ಚಿಪ್ ಎಲ್ಲಿ ಕೂತಿದೆ ಎರಡೂ ಅದರಲ್ಲಿ ಕಾಣಬೇಕು.

4. ಸಂಪರ್ಕದ ಲೋಹದ ಎಲೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹಸಿರು ಕಿಲುಬು ಇದ್ದರೆ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ. ಎಲೆಗಳು ಚಪ್ಪಟೆಯಾಗಿದ್ದರೆ ಒಂದು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ.

5. ಸೆಲ್‌ನ ಅಂಚು ಹಿಡಿದು ಕೂರಿಸಿ. ಮಕ್ಕಳು ನುಂಗದಿರಲೆಂದು ಕೆಲವು ಕಂಪನಿಯ ಸೆಲ್‌ಗಳಿಗೆ ಕಹಿ ಲೇಪನ ಇರುತ್ತದೆ. ಆ ಲೇಪನವೇ ಕೆಲವು ಕೀಗಳಲ್ಲಿ ಸಂಪರ್ಕ ತಪ್ಪಿಸುತ್ತದೆ. ಹೊಸ ಸೆಲ್ ಹಾಕಿದರೂ ಕೀ ಸತ್ತೇ ಇದ್ದರೆ ಲೇಪನವನ್ನು ಆಲ್ಕೊಹಾಲ್‌ನಿಂದ ಒರೆಸಿ ಅಥವಾ ಲೇಪನವಿಲ್ಲದ ಸೆಲ್ ಹಾಕಿ ನೋಡಿ.

ತೆಗೆದ ಹಳೆಯ ಸೆಲ್ಲನ್ನು ಟೇಪ್ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಟ್ಟು ಗಾಯವಾಗಬಹುದು. ಸತ್ತ ಸೆಲ್‌ನಿಂದಲೂ ಈ ಅಪಾಯವಿದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹೊಸ ಸೆಲ್ ವಾರದಲ್ಲೇ ಖಾಲಿಯಾದರೆ

ಸಿಆರ್ 2032ರಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆ ಶಕ್ತಿ ಇರುತ್ತದೆ. ಸುಮ್ಮನಿದ್ದಾಗ ಬೋರ್ಡ್ 10 ಮೈಕ್ರೋಆಂಪಿಯರ್ ಎಳೆದರೂ ಎರಡು ವರ್ಷದ ಮೇಲೆ ಬರಬೇಕು. 1 ಮಿಲಿಆಂಪಿಯರ್ ಎಳೆದರೆ ಒಂಬತ್ತೇ ದಿನ. ಸೆಲ್ ಮತ್ತು ಒಂದು ಸಂಪರ್ಕದ ನಡುವೆ ತೆಳು ಪ್ಲಾಸ್ಟಿಕ್ ಚೂರು ಸಿಕ್ಕಿಸಿ, ಮೈಕ್ರೋಆಂಪಿಯರ್ ಅಳತೆಗೆ ಇಟ್ಟ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಸೆಲ್‌ಗೂ ಇನ್ನೊಂದನ್ನು ಸಂಪರ್ಕಕ್ಕೂ ಮುಟ್ಟಿಸಿ. ಬಟನ್ ಒತ್ತದಿದ್ದಾಗ ಮಾಮೂಲಿ ರಿಮೋಟ್‌ನಲ್ಲಿ ಬಹುತೇಕ ಸೊನ್ನೆ ಕಾಣಬೇಕು.

ಸೋರಿಕೆ ಕಂಡರೆ ಕಾರಣ ಎರಡರಲ್ಲಿ ಒಂದು: ಬೋರ್ಡ್ ಮೇಲಿನ ತೇವ ಮತ್ತು ಕೊಳೆ, ಇಲ್ಲವೇ ಸದಾ ಒತ್ತಿಕೊಂಡಿರುವ ಬಟನ್. ಎರಡನೆಯದು ಹೊಸ ಕವಚ ಹಾಕಿಸಿದ ಮೇಲೆ ಶುರುವಾಗುತ್ತದೆ. ಮಾರುಕಟ್ಟೆಯ ಫ್ಲಿಪ್ ಕವಚಗಳಲ್ಲಿ ರಬ್ಬರ್ ಬಟನ್‌ನ ಒಳಗಿನ ಮೊಳೆ ಮೂಲಕ್ಕಿಂತ ಅರ್ಧ ಮಿಲಿಮೀಟರ್ ಉದ್ದವಿದ್ದರೂ ಸಾಕು, ಕವಚ ಮುಚ್ಚಿದ ಕ್ಷಣದಿಂದ ಸ್ವಿಚ್ ಒತ್ತಿಕೊಂಡೇ ಇರುತ್ತದೆ. ಕವಚ ತೆರೆದಿಟ್ಟು ಬೋರ್ಡನ್ನು ನೇರವಾಗಿ ಒತ್ತಿದಾಗ ಸರಿಯಾಗಿ ಕೆಲಸ ಮಾಡಿ, ಮುಚ್ಚಿದಾಗ ಕೆಡುವುದೇ ಇದರ ಸಾಕ್ಷಿ. ರಬ್ಬರ್ ಮೊಳೆಯ ತುದಿಯನ್ನು ಬ್ಲೇಡ್‌ನಿಂದ ಸ್ವಲ್ಪ ಸವರಿದರೆ ಸರಿಹೋಗುತ್ತದೆ.

ಕವಚ ಬದಲಿಸುವಾಗ ಕಳೆದುಹೋಗುವ ಚಿಪ್

ಸವೆದ ಕೀ ಕವಚ ಬದಲಿಸುವುದು ಸುಲಭದ ಕೆಲಸ, ಆದರೆ ಹೆಚ್ಚು ಅನಾಹುತ ಆಗುವುದೂ ಇಲ್ಲೇ. ಇಮ್ಮೊಬಿಲೈಸರ್ ಚಿಪ್ ಹಲವು ಕೀಗಳಲ್ಲಿ ಬೋರ್ಡ್ ಮೇಲೆ ಇರುವುದಿಲ್ಲ. ಕಾಳುಮೆಣಸಿಗಿಂತ ತುಸು ಉದ್ದನೆಯ ಕಪ್ಪು ತುಂಡು, ಅಥವಾ ಚಿಕ್ಕ ಗಾಜಿನ ಕೊಳವೆ, ಲೋಹದ ಕೀಯ ಬುಡದ ಗೂಡಿನಲ್ಲಿ ಅಂಟಿಕೊಂಡಿರುತ್ತದೆ. ನೋಡಿದವರಿಗೆ ಅದು ಪ್ಲಾಸ್ಟಿಕ್ ಚೂರಿನಂತೆ ಕಾಣುವುದರಿಂದ ಹಳೆಯ ಕವಚದ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಹೊಸ ಕವಚದಲ್ಲಿ ಲಾಕ್ ಆಗುತ್ತದೆ, ಅನ್‌ಲಾಕ್ ಆಗುತ್ತದೆ, ಎಂಜಿನ್ ಮಾತ್ರ ಒಂದು ಸೆಕೆಂಡ್ ಓಡಿ ನಿಲ್ಲುತ್ತದೆ ಅಥವಾ ಸ್ಟಾರ್ಟ್ ಆಗುವುದೇ ಇಲ್ಲ. ಹಾಗಾಗಿ ಹೊಸ ಕವಚದಲ್ಲಿ ಎಂಜಿನ್ ಸ್ಟಾರ್ಟ್ ಆಗುವವರೆಗೆ ಹಳೆಯದನ್ನು ಎಸೆಯಬೇಡಿ.

ಗಾಜಿನ ಕೊಳವೆಯ ಚಿಪ್ ಅನ್ನು ಇಕ್ಕಳದಿಂದ ಎಳೆಯಬಾರದು. ಸುತ್ತಲಿನ ಪ್ಲಾಸ್ಟಿಕ್ಕನ್ನು ಬ್ಲೇಡ್‌ನಿಂದ ಕೊರೆದು, ಹೇರ್ ಡ್ರೈಯರ್‌ನ ಶಾಖ ಕೊಟ್ಟು, ಮರದ ಕಡ್ಡಿಯಿಂದ ಹಿಂದಿನಿಂದ ತಳ್ಳಿ. ಹೊಸ ಕವಚದಲ್ಲಿ ಮೊದಲಿದ್ದ ಜಾಗದಲ್ಲೇ, ಅದೇ ದಿಕ್ಕಿಗೆ ಕೂರಿಸಿ. ಕಾಯಿಲ್‌ನಿಂದ ದೂರವಾದರೆ ಒಮ್ಮೊಮ್ಮೆ ಮಾತ್ರ ಓದುತ್ತದೆ.

ಬೋರ್ಡ್ ಪರೀಕ್ಷೆ

ದೀಪ ಹೊತ್ತಿತು ಎಂದರೆ ಸಂಕೇತ ಹೋಯಿತು ಎಂದಲ್ಲ. ಸೆಲ್ ಮತ್ತು ಬಟನ್ ಸರಿಯಿವೆ ಎಂದು ಮಾತ್ರ ಅದರ ಅರ್ಥ. ಸಂಕೇತ ಹೊರಬೀಳುತ್ತಿದೆಯೇ ಎಂದು ತಿಳಿಯಲು ಕೀ ಮಾಡುವ ಅಂಗಡಿಗಳಲ್ಲಿ ಫ್ರೀಕ್ವೆನ್ಸಿ ಟೆಸ್ಟರ್ ಇರುತ್ತದೆ. ರಿಮೋಟ್ ಹತ್ತಿರ ಹಿಡಿದು ಒತ್ತಿದರೆ 433.92 ಎಂದು ತೋರಿಸುತ್ತದೆ. ಕಂಪ್ಯೂಟರ್ ಬಲ್ಲವರು ಆರ್‌ಟಿಎಲ್-ಎಸ್‌ಡಿಆರ್ ಎಂಬ ಚಿಕ್ಕ ಯುಎಸ್‌ಬಿ ರೇಡಿಯೊ ರಿಸೀವರ್ ಸಿಕ್ಕಿಸಿ ಪರದೆಯ ಮೇಲೆಯೇ ಸಂಕೇತ ಏಳುವುದನ್ನು ನೋಡಬಹುದು. ಹಣ ಕೊಟ್ಟು ಹೊಸ ಕೀ ಮಾಡಿಸುವ ಮೊದಲು ಈ ಪರೀಕ್ಷೆ ಆಗಲೇಬೇಕು.

ಒಂದೇ ಬಟನ್ ಕೆಟ್ಟಿದ್ದರೆ, ಹೆಚ್ಚಾಗಿ ಅನ್‌ಲಾಕ್ ಬಟನ್, ಅದರ ಕೆಳಗಿನ ಟ್ಯಾಕ್ಟ್ ಸ್ವಿಚ್, ಅಂದರೆ ಒತ್ತಿದಾಗ ಟಿಕ್ ಎನ್ನುವ ಚಿಕ್ಕ ಸ್ವಿಚ್, ಸವೆದಿದೆ. ಸೆಲ್ ತೆಗೆದು ಮಲ್ಟಿಮೀಟರನ್ನು ಬೀಪ್ ಅಳತೆಗೆ ಇಟ್ಟು ಸ್ವಿಚ್‌ನ ಎರಡು ಬದಿ ಮುಟ್ಟಿಸಿ ಒತ್ತಿ. ಪ್ರತಿ ಸಲವೂ ಬೀಪ್ ಬರಬೇಕು. ಜೋರಾಗಿ ಒತ್ತಿದರೆ ಮಾತ್ರ ಬಂದರೆ ಬದಲಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಈ ಸ್ವಿಚ್‌ಗಳು ಕೆಲವೇ ರೂಪಾಯಿಗೆ ಸಿಗುತ್ತವೆ, ಆದರೆ ಉದ್ದ, ಅಗಲದ ಜೊತೆ ಎತ್ತರವನ್ನೂ ಅಳೆದುಕೊಂಡು ಹೋಗಿ. ಎತ್ತರ ಹೆಚ್ಚಾದರೆ ಮೇಲೆ ಹೇಳಿದ ಒತ್ತಿಕೊಂಡಿರುವ ಬಟನ್‌ನ ತೊಂದರೆ, ಕಡಿಮೆಯಾದರೆ ಬಟನ್ ಮುಟ್ಟುವುದೇ ಇಲ್ಲ. ಬೆಸುಗೆ ಹಾಕುವಾಗ ಕಬ್ಬಿಣದ ತುದಿ ಸುಮಾರು 330 ಡಿಗ್ರಿ ಸೆಲ್ಸಿಯಸ್, ಪ್ರತಿ ಕಾಲಿಗೆ ಎರಡು ಮೂರು ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚು ಹಿಡಿದರೆ ಬೋರ್ಡ್‌ನ ತಾಮ್ರದ ಗೆರೆ ಎದ್ದು ಬರುತ್ತದೆ.

ಕೀ ನೆಲಕ್ಕೆ ಬಿದ್ದ ಮೇಲೆ ಕೆಟ್ಟಿದ್ದರೆ ಸೆಲ್ ಹಿಡಿದಿರುವ ಲೋಹದ ಕಾಲುಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಲಿನ ಸುತ್ತ ಕೂದಲಿನಷ್ಟು ತೆಳು ಕಪ್ಪು ವೃತ್ತ ಕಂಡರೆ ಅಲ್ಲಿ ಬೆಸುಗೆ ಬಿಟ್ಟಿದೆ. ಬೆಸುಗೆ ಚೆನ್ನಾಗಿ ಹಿಡಿಯಲು ಸ್ವಲ್ಪ ಫ್ಲಕ್ಸ್ ಹಚ್ಚಿ ಮತ್ತೆ ಕಾಯಿಸಿದರೆ ಮುಗಿಯಿತು. ಬೆಸುಗೆ ಸರಿಯಿದ್ದು, ದೀಪವೂ ಹೊತ್ತಿ, ಟೆಸ್ಟರ್ ಮಾತ್ರ ಏನೂ ತೋರಿಸದಿದ್ದರೆ ತರಂಗ ಹುಟ್ಟಿಸುವ ಕ್ರಿಸ್ಟಲ್ ಅಥವಾ ಸಾ ರೆಸೊನೇಟರ್ ಒಡೆದಿರಬಹುದು. ಕಿಟ್‌ಗಳ ರಿಮೋಟ್‌ನಲ್ಲಿ ಇದು ದುಂಡನೆಯ ಲೋಹದ ಡಬ್ಬಿಯಂತೆ, ಮೇಲೆ ಆರ್433 ಎಂದು ಬರೆದು, ಸುಲಭವಾಗಿ ಬದಲಿಸುವಂತೆ ಇರುತ್ತದೆ. ಕಂಪನಿಯ ಬೋರ್ಡ್‌ಗಳಲ್ಲಿ ಅಕ್ಕಿಕಾಳಿನಷ್ಟಿರುತ್ತದೆ. ಮೊಬೈಲ್ ಬೋರ್ಡ್ ರಿಪೇರಿ ಮಾಡುವವರ ಕೈಗೆ ಕೊಡಿ.

ಬಟ್ಟೆಯ ಜೊತೆ ವಾಷಿಂಗ್ ಮಷಿನ್‌ಗೆ ಹೋದ ಕೀಯನ್ನು ಅಕ್ಕಿಡಬ್ಬಿಯಲ್ಲಿ ಹೂತಿಡಬೇಡಿ. ಹಾಳು ಮಾಡುವುದು ನೀರಿಗಿಂತ ಹೆಚ್ಚಾಗಿ ಅದರಲ್ಲಿರುವ ಸೋಪು, ಉಪ್ಪು. ಅಕ್ಕಿ ಅದನ್ನು ತೆಗೆಯುವುದಿಲ್ಲ. ತಕ್ಷಣ ಸೆಲ್ ತೆಗೆಯಿರಿ. ಬೋರ್ಡನ್ನು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಮೃದು ಬ್ರಶ್‌ನಿಂದ ಉಜ್ಜಿ, ನೆರಳಲ್ಲಿ ಒಂದು ದಿನ ಒಣಗಿಸಿ, ಆಮೇಲೆ ಹೊಸ ಸೆಲ್ ಹಾಕಿ.

ಕೀ ಮತ್ತು ಕಾರಿನ ತಾಳ ತಪ್ಪಿದಾಗ

ರಿಮೋಟ್ ಪ್ರತಿ ಸಲವೂ ಹೊಸ ಕೋಡ್ ಕಳಿಸುತ್ತದೆ. ಮುಂದಿನ ಕೋಡ್ ಯಾವುದೆಂದು ಕಾರು ಲೆಕ್ಕ ಇಟ್ಟಿರುತ್ತದೆ. ಕೀ ಮಗುವಿನ ಕೈಗೆ ಸಿಕ್ಕಿ, ಕಾರಿನಿಂದ ದೂರದಲ್ಲಿ ನೂರಾರು ಸಲ ಒತ್ತಿದರೆ ಲೆಕ್ಕ ತಪ್ಪುತ್ತದೆ. ಬಹಳ ಬಳಕೆಯಲ್ಲಿದ್ದ ಕೀಲಾಕ್ (KeeLoq) ಎಂಬ ಕೋಡ್ ಪದ್ಧತಿಯಲ್ಲಿ ಮುಂದಿನ 16 ಕೋಡ್‌ಗಳವರೆಗೆ ಕಾರು ನೇರವಾಗಿ ಒಪ್ಪುತ್ತದೆ. ಅದನ್ನು ದಾಟಿ ಸುಮಾರು 32,000ದವರೆಗೆ ಹೋಗಿದ್ದರೆ ಒಂದರ ಹಿಂದೊಂದು ಎರಡು ಕೋಡ್ ಸರಿಯಾಗಿ ಬಂದಾಗ ಒಪ್ಪುತ್ತದೆ. ಆದ್ದರಿಂದ ಕಾರಿನ ಪಕ್ಕ ನಿಂತು, ಎಲ್ಲ ಬಾಗಿಲು ಮುಚ್ಚಿ, ಒಂದೇ ಬಟನ್ನನ್ನು ನಿಧಾನವಾಗಿ ಎರಡು ಮೂರು ಸಲ ಒತ್ತಿ. ಹಲವು ಕೀಗಳು ಇಷ್ಟಕ್ಕೇ ಸರಿಹೋಗುತ್ತವೆ.

ಸರಿಹೋಗದಿದ್ದರೆ ಕಾರಿನ ಕೈಪಿಡಿ ತೆರೆಯಿರಿ. ಕೆಲವು ಕಾರುಗಳಲ್ಲಿ ಲೋಹದ ಕೀಯಿಂದ ಬಾಗಿಲು ತೆರೆದು, ಇಗ್ನಿಷನ್ ಆನ್ ಮಾಡಿ, ರಿಮೋಟ್ ಒತ್ತಿದರೆ ಮತ್ತೆ ಹೊಂದಿಕೊಳ್ಳುತ್ತದೆ. ಇನ್ನು ಕೆಲವಕ್ಕೆ ಓಬಿಡಿ ಸಾಕೆಟ್‌ಗೆ, ಅಂದರೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸಾಕೆಟ್‌ಗೆ, ಸ್ಕ್ಯಾನರ್ ಹಾಕಲೇಬೇಕು. ಬೇರೆ ವರ್ಷದ, ಬೇರೆ ಮಾದರಿಯ ವಿಡಿಯೊ ನೋಡಿ ಇಗ್ನಿಷನ್ ತಿರುಗಿಸುವ ಆಟ ಆಡಬೇಡಿ. ಸ್ಕ್ಯಾನರ್‌ನಿಂದ ಹೊಸ ಕೀ ಕಲಿಸುವಾಗ ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಯ್ಯಿರಿ. ಹಲವು ಕಾರುಗಳಲ್ಲಿ ಕಲಿಕೆ ಶುರುವಾದ ಕ್ಷಣ ಹಿಂದಿನ ಎಲ್ಲ ಕೀಗಳೂ ಅಳಿಸಿಹೋಗುತ್ತವೆ. ಮನೆಯಲ್ಲಿ ಬಿಟ್ಟುಬಂದ ಕೀ ಆಮೇಲೆ ಬಾಗಿಲಿಗೆ ಮಾತ್ರ ಉಪಯೋಗ.

ಬಾಗಿಲ ಸಂದಿಯ ವೈರ್, ಲಾಕ್ ಮೋಟಾರ್, ಫ್ಯೂಸ್

ರಿಮೋಟ್ ಒತ್ತಿದಾಗ ಇಂಡಿಕೇಟರ್ ಮಿನುಗಿ ಬಾಗಿಲು ಮಾತ್ರ ತೆರೆಯದಿದ್ದರೆ ಕೀ ಸಂಪೂರ್ಣ ಸರಿಯಿದೆ. ಅದಕ್ಕೆ ಹಣ ಹಾಕಬೇಡಿ. ಒಂದೇ ಬಾಗಿಲು ಕೆಟ್ಟಿದ್ದರೆ ಆ ಬಾಗಿಲಿನ ಮೋಟಾರ್ ಅಥವಾ ವೈರ್. ಎಲ್ಲ ಬಾಗಿಲೂ ಕೆಟ್ಟಿದ್ದರೆ ಫ್ಯೂಸ್, ಚಾಲಕನ ಬಾಗಿಲ ವೈರಿಂಗ್ ಅಥವಾ ಡ್ಯಾಶ್‌ಬೋರ್ಡ್ ಒಳಗಿನ ನಿಯಂತ್ರಣ ಪೆಟ್ಟಿಗೆ. ಫ್ಯೂಸ್ ಹೋಗಿದ್ದರೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಷ್ಟೇ ಆಂಪಿಯರ್‌ನದ್ದು ಹಾಕಿ. ಮತ್ತೆ ಹೋದರೆ ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗುತ್ತಿದೆ, ಅದನ್ನು ಹುಡುಕದೆ ದೊಡ್ಡ ಫ್ಯೂಸ್ ಹಾಕಿದರೆ ವೈರ್ ಹೊತ್ತಿಕೊಳ್ಳುತ್ತದೆ.

ಹತ್ತು ವರ್ಷ ದಾಟಿದ ಕಾರಿನಲ್ಲಿ ಚಾಲಕನ ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆಯನ್ನು ಬಿಡಿಸಿ ನೋಡಲೇಬೇಕು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅಲ್ಲಿನ ವೈರ್‌ಗಳು ಬಾಗುತ್ತವೆ. ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರ ತುಂಡಾಗಿರುವುದೇ ಹೆಚ್ಚು. ಒಂದೊಂದೇ ವೈರ್ ಹಿಡಿದು ಮೆಲ್ಲಗೆ ಎಳೆಯಿರಿ. ತುಂಡಾದದ್ದು ರಬ್ಬರ್‌ನಂತೆ ಹಿಗ್ಗುತ್ತದೆ. ಬಾಗಿಲನ್ನು ಒಂದು ನಿರ್ದಿಷ್ಟ ಕೋನದಲ್ಲಿ ಹಿಡಿದಾಗ ಮಾತ್ರ ಲಾಕ್ ಅಥವಾ ಪವರ್ ವಿಂಡೋ ಕೆಲಸ ಮಾಡಿದರೆ ಅದೇ ದೋಷ. ರಿಪೇರಿಗೆ 0.75 ಚದರ ಮಿಲಿಮೀಟರ್‌ನ, ಹೆಚ್ಚು ಎಳೆಗಳಿರುವ ಮೆತ್ತನೆಯ ವೈರ್ ಬಳಸಿ. ತುಂಡಾದ ಜಾಗದಲ್ಲೇ ಜೋಡಿಸಿದರೆ ತಿಂಗಳಲ್ಲಿ ಮತ್ತೆ ಮುರಿಯುತ್ತದೆ; ಬಾಗುವ ಭಾಗದಾಚೆಗೆ ಎರಡೂ ಕಡೆ ಕತ್ತರಿಸಿ ನಡುವೆ ಹೊಸ ತುಂಡು ಕೊಡಿ. ಬೆಸುಗೆಯ ಮೇಲೆ ಹೀಟ್ ಶ್ರಿಂಕ್, ಅಂದರೆ ಕಾಯಿಸಿದರೆ ಕುಗ್ಗಿ ಹಿಡಿಯುವ ಕೊಳವೆ, ಹಾಕಿ, ಗಂಟುಗಳೆಲ್ಲ ಒಂದೇ ಕಡೆ ಬರದಂತೆ ಹಿಂದೆಮುಂದೆ ಮಾಡಿ.

ಮೋಟಾರ್‌ಗೆ ಕರೆಂಟ್ ಬರುತ್ತಿದೆಯೇ ನೋಡಲು ಮಲ್ಟಿಮೀಟರ್‌ಗಿಂತ ಹನ್ನೆರಡು ವೋಲ್ಟ್‌ನ ಟೆಸ್ಟ್ ಲ್ಯಾಂಪ್ ಒಳ್ಳೆಯದು. ಕರೆಂಟ್ ಬರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಮೀಟರ್ ಅದನ್ನು ತಪ್ಪಿಸಿಬಿಡುತ್ತದೆ, ದೀಪ ಮಿಂಚಿ ತೋರಿಸುತ್ತದೆ. ದೀಪ ಮಿಂಚಿ ಮೋಟಾರ್ ಅಲುಗದಿದ್ದರೆ ಮೋಟಾರ್ ಬದಲಿಸಿ.

ಕರಾವಳಿ, ಮಲೆನಾಡಿನಲ್ಲಿ ಓಡಿದ ಕಾರುಗಳಲ್ಲಿ ಮಳೆಗಾಲ ಬಂದೊಡನೆ ಸೆಂಟ್ರಲ್ ಲಾಕ್ ತಾನಾಗಿ ಬಡಿದುಕೊಳ್ಳುವುದುಂಟು. ಚಾಲಕನ ಕಾಲ ಬಳಿಯ ಮ್ಯಾಟ್ ಎತ್ತಿ ತೇವವಿದೆಯೇ ನೋಡಿ, ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಸೀಟಿನ ಕೆಳಗಿನ ಕನೆಕ್ಟರ್‌ಗಳಲ್ಲೂ ಕಿಲುಬು, ಕೆಸರಿನ ಗೆರೆ ಕಂಡರೆ ಕಾರಿನೊಳಗೆ ನೀರು ನುಗ್ಗಿತ್ತು ಎಂದೇ ತಿಳಿಯಿರಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಕಾರುಗಳು ಮುಳುಗಿದಂತೆ ಮುಳುಗಿದ ಕಾರಿನಲ್ಲಿ ರಿಮೋಟ್ ತೊಂದರೆ ಬರೀ ಮೊದಲ ಸೂಚನೆ. ಕೊಳ್ಳುವ ಮೊದಲೇ ಇದು ಕಂಡರೆ ಆ ಕಾರನ್ನು ಬಿಡಿ.

ಸ್ಮಾರ್ಟ್ ಕೀ

ಇಲ್ಲಿ ಮಾತು ಎರಡು ಕಡೆಯಿಂದ. ಬಾಗಿಲ ಹಿಡಿಯ ಬಟನ್ ಒತ್ತಿದಾಗ ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕೀಯನ್ನು ಕರೆಯುತ್ತದೆ. ಇದು ಮೀಟರ್ ದೂರಕ್ಕೆ ಮಾತ್ರ ಕೇಳಿಸುತ್ತದೆ. ಕೀ 433 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಆದ್ದರಿಂದ ಕೀಯ ಬಟನ್ ಒತ್ತಿದರೆ ತೆರೆಯುತ್ತದೆ, ಹಿಡಿಯ ಬಟನ್‌ನಿಂದ ಆಗುವುದಿಲ್ಲ ಎಂದರೆ ಕೆಟ್ಟಿರುವುದು ಕರೆಯುವ ಭಾಗ. ಒಂದೇ ಬಾಗಿಲಿನಲ್ಲಿ ಹೀಗಾದರೆ ಆ ಬಾಗಿಲಿಗೆ ಪೇಂಟ್ ಅಥವಾ ಡೆಂಟ್ ಕೆಲಸ ಆಗಿದೆಯೇ ಗಮನಿಸಿ. ಹಿಡಿಯೊಳಗಿನ ಆಂಟೆನಾದ ಕನೆಕ್ಟರ್ ಮತ್ತೆ ಸಿಕ್ಕಿಸಲು ಮರೆತಿರುತ್ತಾರೆ.

ಸೆಲ್ ಸತ್ತು ಕಾರು ಸ್ಟಾರ್ಟ್ ಆಗದಿದ್ದರೆ ಕೀಯನ್ನು, ಲೋಗೊ ಇರುವ ಬದಿ ಮುಂದಾಗಿ, ಸ್ಟಾರ್ಟ್ ಬಟನ್‌ಗೆ ತಾಗಿಸಿ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಕೆಲವು ಕಾರುಗಳಲ್ಲಿ ಇದಕ್ಕೆ ಬೇರೆ ಜಾಗವಿದೆ, ಕೈಪಿಡಿಯಲ್ಲಿ ಗುರುತು ಹಾಕಿಡಿ. ಕೀಯೊಳಗೆ ಅಡಗಿರುವ ಲೋಹದ ಕೀ ಅಲ್ಲೇ ಇದೆಯೇ, ಅದು ಇದೇ ಕಾರಿನದ್ದೇ ಎಂದೂ ನೋಡಿ. ಹಳೆಯ ಕಾರುಗಳಲ್ಲಿ ಅದು ಕಾಣೆಯಾಗಿರುವುದು ಅಥವಾ ಕತ್ತರಿಸದ ಖಾಲಿ ಪಟ್ಟಿ ಸಿಕ್ಕಿಸಿರುವುದು ಅಪರೂಪವಲ್ಲ.

ಸ್ಮಾರ್ಟ್ ಕೀಯ ಸೆಲ್ ಒಂದೆರಡು ವರ್ಷ ಬರುತ್ತದೆ. ಟಿವಿ, ಕಂಪ್ಯೂಟರ್, ಮೊಬೈಲ್ ಚಾರ್ಜರ್, ಇಂಡಕ್ಷನ್ ಒಲೆಯ ಪಕ್ಕ ಇಟ್ಟರೆ ಕೀ ಎಚ್ಚರವಾಗಿಯೇ ಇದ್ದು ಬೇಗ ಖಾಲಿಯಾಗುತ್ತದೆ. ಕನಿಷ್ಠ ಒಂದು ಮೀಟರ್ ದೂರವಿಡಿ. ಟೊಯೊಟಾದ ಹಲವು ಸ್ಮಾರ್ಟ್ ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ದೀಪ ನಾಲ್ಕು ಸಲ ಮಿನುಗಿ ಕೀ ನಿದ್ದೆಗೆ ಹೋಗುತ್ತದೆ. ಹಿಂದಿನ ಮಾಲೀಕರು ಹೀಗೆ ಮಲಗಿಸಿಟ್ಟ ಎರಡನೆಯ ಕೀಯನ್ನು ಕೆಟ್ಟಿದೆ ಎಂದು ಎಸೆಯಬೇಡಿ. ಯಾವುದಾದರೂ ಬಟನ್ ಒತ್ತಿದರೆ ಎಚ್ಚರವಾಗುತ್ತದೆ.

ಕೊನೆಗೆ ಹೊಸ ಕೀಯೇ ಬೇಕೆಂದಾದರೆ

ಆನ್‌ಲೈನ್‌ನಲ್ಲಿ ಹೊರಗಿನ ಆಕಾರ ನೋಡಿ ಕೊಳ್ಳಬೇಡಿ. ಬೋರ್ಡ್ ಮೇಲಿನ ಸಂಖ್ಯೆ, ಫ್ರೀಕ್ವೆನ್ಸಿ, ಚಿಪ್‌ನ ಬಗೆ ಮೂರೂ ಹೊಂದಬೇಕು. ಅಮೆರಿಕದ ಕಾರುಗಳ ರಿಮೋಟ್‌ಗಳು ಹೆಚ್ಚಾಗಿ 315 ಮೆಗಾಹರ್ಟ್ಸ್‌ನವು. ಅಲ್ಲಿರುವ ನಮ್ಮವರು ಇಲ್ಲಿಗೆ ಅಗ್ಗಕ್ಕೆಂದು ತಂದುಕೊಡುವ ಕೀ ನೋಡಲು ತದ್ರೂಪಿಯಾಗಿದ್ದರೂ ಇಲ್ಲಿನ ಕಾರಿಗೆ ಕೇಳಿಸುವುದೇ ಇಲ್ಲ. ಬಳಸಿದ ಸ್ಮಾರ್ಟ್ ಕೀ ಕೂಡ ಬೇಡ. ಹಲವು ಕಂಪನಿಗಳ ಕೀ ಒಮ್ಮೆ ಒಂದು ಕಾರಿಗೆ ಕಟ್ಟಿಕೊಂಡರೆ ಇನ್ನೊಂದು ಕಾರಿಗೆ ಸುಲಭವಾಗಿ ಒಗ್ಗುವುದಿಲ್ಲ.

ಹೊಸ ಕೀ ಕಲಿಸುವಾಗಲೇ ನೋಂದಣಿಯಾದ ಕೀಗಳು ಎಷ್ಟಿವೆ ಎಂದು ಸ್ಕ್ಯಾನರ್‌ನಲ್ಲಿ ತೋರಿಸಲು ಹೇಳಿ. ನಿಮ್ಮ ಕೈಯಲ್ಲಿ ಎರಡು, ಕಾರಿನ ನೆನಪಿನಲ್ಲಿ ಮೂರು ಎಂದರೆ ಒಂದು ಕೀ ಬೇರೆ ಯಾರ ಬಳಿಯೋ ಇದೆ. ಎಲ್ಲವನ್ನೂ ಅಳಿಸಿ ನಿಮ್ಮ ಎರಡನ್ನು ಮಾತ್ರ ಮತ್ತೆ ಸೇರಿಸಲು ಹೇಳಿ. ಇದರಿಂದ ಆ ಮೂರನೆಯ ಕೀಯ ಚಿಪ್ ಮತ್ತು ರಿಮೋಟ್ ನಿಲ್ಲುತ್ತವೆ, ಲೋಹದ ಕೀ ಬಾಗಿಲು ತೆರೆಯುವುದನ್ನು ಮಾತ್ರ ತಡೆಯಲಾಗದು. ಕೀ ಕಳೆದಿದ್ದರೆ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಕಾರು ಕಳುವಾದರೆ ವಿಮಾ ಕಂಪನಿ ಎರಡೂ ಮೂಲ ಕೀಗಳನ್ನು ಕೇಳುತ್ತದೆ. ಒಂದು ಇಲ್ಲದಿದ್ದರೆ ಅದಕ್ಕೆ ಲಿಖಿತ ವಿವರಣೆ ಕೇಳುತ್ತದೆ. ಕೆಟ್ಟುಹೋದ ಮೂಲ ಕೀಯನ್ನೂ, ಅದರ ಕೀ ನಂಬರ್ ಇರುವ ಲೋಹದ ಚಿಕ್ಕ ಬಿಲ್ಲೆಯನ್ನೂ ಕಾರಿನಲ್ಲಿಡದೆ ಮನೆಯಲ್ಲಿ ಆರ್‌ಸಿ, ವಿಮೆ ಕಾಗದಗಳ ಜೊತೆ ಇಡಿ.